ಮೆತ್ತನೆ ಕಲ್ಲಿನ ಗಟ್ಟಿ ಗಿರಾಕಿಗಳು

ಬಳಪದ ಕಲ್ಲು ಮಾರುವವನಿಗೆ ಬೈಗುಳ ಬೀಳದ ವಾರವೇ ಇರುವುದಿಲ್ಲ. ನಿಜಾಮರ ಕಾಲದಲ್ಲಿ ಹುಮನಾಬಾದಿನಲ್ಲಿ ನನ್ನದೊಂದು ಅಂಗಡಿ ಇತ್ತು. ಉಗುರಿನಿಂದ ಗೀರಿದರೆ ಪುಡಿ ಉದುರುವ, ಮುಟ್ಟಿದರೆ ಸಾಬೂನಿನಂತೆ ಜಾರುವ ಕಲ್ಲು ಅದು. ನುಣುಪಾದ ಬಿಳಿ ಕಲ್ಲಿನಿಂದ ಪಾಟಿಗೆ ಬರೆಯುವ ಬಳಪ, ಹಸಿರು ಛಾಯೆಯದರಿಂದ ಅಡಿಗೆಯ ಗಡಿಗೆ, ಉಳಿದ ಚೂರೆಲ್ಲ ರಂಗೋಲಿ ಪುಡಿ. ಕಲ್ಲಿನದೇನೂ ತಪ್ಪಿಲ್ಲ, ನನ್ನದಂತೂ ಮೊದಲೇ ಇಲ್ಲ. ಆದರೂ ಕೇಳಿ.

ಕುದಿಯುವ ಗಡಿಗೆ

ಮಾಣಿಕನಗರದ ಹೆಣ್ಣುಮಗಳೊಬ್ಬಳು ಗಡಿಗೆ ತಂದು ನನ್ನೆದುರು ಕುಕ್ಕಿದಳು.

"ಒಲಿಯಿಂದ ಇಳಿಸಿದ್ರೂ ಸಾರು ಕುದಿಯೋದು ನಿಲ್ಲವಲ್ದು. ನಮ್ಮ ಮನಿಯವರ ನಾಲಿಗಿ ಸುಟ್ಟದ. ಇದು ಗಡಗಿನೋ, ದೆವ್ವನೋ?"

"ಶಾಖ ಹಿಡಿದಿಡೋದೇ ಇದರ ಗುಣ ತಂಗಿ. ಕಟಗಿ ಉಳೀತದ." ಒಳ್ಳೆಯ ಮಾಲಿಗೆ ಇಂಥ ಮಾತೇ ಎಂದು ನನಗೂ ಸಿಟ್ಟು.

"ನಿಮ್ಮ ಗುಣ ನೀವೇ ಇಟ್ಕೋರಿ. ಬೆಂಕಿ ಇಲ್ದೆ ಕುದಿಯಾಕ ನಮ್ಮ ಮನಿಯಾಗ ಅತ್ತಿ ಒಬ್ಬಾಕಿನೇ ಸಾಕು!"

ರುಚಿ ಕೆಟ್ಟ ಬಳಪ

ಕೊಡಂಬಲದ ಮುದುಕಿಯೊಬ್ಬಳು ಬಳಪದ ಕಟ್ಟು ವಾಪಸ್ ತಂದಳು. "ಹಿಂದಿನ್ವು ಬೆಣ್ಣಿ ಹಂಗಿದ್ವು. ಇವು ಬೂದಿ ಬಣ್ಣದ್ವು, ಬಾಯಾಗ ಕರಕರ ಅಂತಾವ."

"ಬಾಯಾಗ?"

"ಹೌದ್ರಿ. ಮಗಳು ಬಸಿರಿ ಅದಾಳ. ಬಳಪ ಅಂದ್ರ ಜೀವ ಬಿಡ್ತಾಳ."

ನನಗೆ ರೇಗಿತು. "ಬಳಪ ಬರಿಯಾಕ ಅದ ಅವ್ವ, ತಿನ್ನಾಕಲ್ಲ!"

"ಆಕಿಗಿ ಬರಿಯಾಕ ಬರಂಗಿಲ್ಲಪಾ. ಮತ್ತೇನ್ ಮಾಡ್ಬೇಕು?"

ನಾಕಾದ ಮೈದಾ

ಯುದ್ಧದ ಕಾಲ. ಕಾಳು, ಹಿಟ್ಟು ಊರಿಂದೂರಿಗೆ ಒಯ್ಯುವಂತಿರಲಿಲ್ಲ. ದೀಪಾವಳಿ ಹತ್ತಿರ ಬಂದಿತ್ತೆಂದು ಚೀಲ ತುಂಬ ರಂಗೋಲಿ ಪುಡಿ ಹಾಕಿಕೊಂಡು ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ ಹೊರಟಿದ್ದೆ. ದಾರಿಯಲ್ಲಿ ಸಾಮಾನು ತಪಾಸಣೆ ಮಾಡುವ ನಾಕಾದ ಜಮಾದಾರ ತಡೆದ. ಚೀಲಕ್ಕೆ ಕೈ ಹಾಕಿ, ಪುಡಿಯನ್ನು ಬೆರಳ ಸಂದಿಯಲ್ಲಿ ತಿಕ್ಕಿ, "ಮೈದಾ!" ಎಂದ.

"ಅಲ್ರಿ ಸಾಹೇಬ್ರ, ಕಲ್ಲಿನ ಪುಡಿ."

"ಕಲ್ಲು ಇಷ್ಟು ಮೆತ್ತಗ ಇರ್ತದೇನು? ನಾ ಏನ್ ಕೂಸೇನು?"

ಬೆಂಕಿಗೆ ಹಾಕಿ ನೋಡಿ, ಸುಡುವುದಿಲ್ಲ ಎಂದೆ. ಕೇಳಲಿಲ್ಲ. ಚೀಲ ಜಪ್ತಿಯಾಯಿತು, ಹಬ್ಬದ ವ್ಯಾಪಾರ ಮುಳುಗಿತು. ಬರಿಗೈಯಲ್ಲಿ ಮನೆಗೆ ಬಂದೆ.

ಮರುದಿನ ಜಮಾದಾರನೇ ಅಂಗಡಿಗೆ ನುಗ್ಗಿ ಚೀಲ ಎಸೆದ. "ನಾದಿದ್ರ ಕೂಡಂಗಿಲ್ಲ, ಲಟ್ಟಿಸಿದ್ರ ಹರೀತದ. ಎಣ್ಣಿಯಾಗ ಬಿಟ್ರ ಪೂರಿ ತಳಕ್ಕ ಹೋಗಿ ಕುಂಡರ್ತಾವ! ಬೀಗರ ಮುಂದ ನನ್ನ ಇಜ್ಜತ್ ಹೋಯ್ತು!"

ನನಗೂ ತಡೆಯಲಾಗಲಿಲ್ಲ. "ಕಲ್ಲು ಅಂತ ಮೊದಲೇ ಹೇಳಿದ್ದಿಲ್ಲೇನ್ರಿ?"

"ಅದೇ ನಿನ್ನ ಬದ್ಮಾಶಿ! ನಾಕಾದಾಗ ಎಲ್ಲರೂ ಸುಳ್ಳು ಹೇಳ್ತಾರ. ನೀ ಒಬ್ಬವ ಖರೇ ಹೇಳಿ ನನಗ ಮೋಸ ಮಾಡ್ದಿ!"