ಸರಪಳಿ ಹಾಕಿದ ಟಿ.ವಿ.

ಮನೆಯಲ್ಲಿ ಅಜಾಗರೂಕ ಮನುಷ್ಯನೊಬ್ಬನಿದ್ದರೆ ಹೆಚ್ಚೆಂದರೆ ಒಂದೆರಡು ಗಾಜಿನ ಲೋಟ ಒಡೆಯುತ್ತವೆ. ಜಾಗರೂಕ ಮನುಷ್ಯನಿದ್ದರೆ ಏನೂ ಒಡೆಯುವುದಿಲ್ಲ, ಆದರೆ ಯಾರೂ ನೆಮ್ಮದಿಯಾಗಿ ಉಸಿರಾಡುವುದೂ ಇಲ್ಲ. ನಾನು ಎರಡನೆಯ ಜಾತಿಯವನು. ಬೀಗ ಹಾಕಿ ಮೆಟ್ಟಿಲಿಳಿದು, ಬೀಗ ಹಾಕಿದೆನೇ ಎಂದು ಮತ್ತೆ ಮೆಟ್ಟಿಲು ಹತ್ತುವವನು. ಇದಕ್ಕೆ ನನ್ನ ಉದ್ಯೋಗವೂ ಕಾರಣವಿರಬೇಕು. ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಸಂಬಳ ಕೊಡುವುದೇ ಉಪಕರಣಗಳನ್ನು ಗಡಗಡ ಅಲುಗಾಡಿಸಿ, ಯಾವ ತಿರುಪು ಸಡಿಲವಾಯಿತು ಎಂದು ನೋಡುವುದಕ್ಕೆ. ಹಗಲೆಲ್ಲ ಅಲುಗಾಡಿಸಿ ಬಂದವನಿಗೆ ಮನೆಯಲ್ಲಿ ಯಾವುದೂ ಅಲುಗಬಾರದು ಅನ್ನಿಸುವುದು ಸಹಜ ತಾನೆ? ನನ್ನ ಹೆಂಡತಿ ವಿಶಾಲು ಮಾತ್ರ ಇದನ್ನು ಸಹಜ ಎಂದು ಒಪ್ಪುವುದಿಲ್ಲ, ಅದಕ್ಕೆ ಬೇರೆಯದೇ ಹೆಸರಿಟ್ಟಿದ್ದಾಳೆ.

2001ರ ಗುಜರಾತಿನ ಭೂಕಂಪವಾದಾಗ ನಾವು ವಸ್ತ್ರಾಪುರದ ಈ ಮೂರನೇ ಮಹಡಿಯ ಫ್ಲಾಟಿಗೆ ಬಂದು ಸ್ವಲ್ಪ ಕಾಲವಷ್ಟೇ ಆಗಿತ್ತು. ಮಗಳನ್ನು ಎತ್ತಿಕೊಂಡು ಕೆಳಗೋಡಿದೆವು. ವಾಪಸು ಬಂದು ನೋಡಿದರೆ ಹಳೆಯ ಟಿ.ವಿ. ಕಪಾಟಿನಿಂದ ಮುಖ ಕೆಳಗಾಗಿ ಬಿದ್ದು ಚೂರಾಗಿತ್ತು. ಅಷ್ಟು ಜನ ಸತ್ತ ಊರಿನಲ್ಲಿ ಟಿ.ವಿ.ಗೋಸ್ಕರ ಅಳುವುದು ನಾಚಿಕೆಗೇಡು, ಹಾಗಾಗಿ ಅಳಲಿಲ್ಲ. ಹಾಲಿನ ನಡುವೆ ತೂಗುಹಾಕಿದ್ದ ಉಯ್ಯಾಲೆ ಮಾತ್ರ ತಾನೇ ನಾಲ್ಕು ಸಲ ಜೀಕಿಕೊಂಡು ಏನೂ ಆಗದವರ ಹಾಗೆ ನಿಂತಿತ್ತು. ಇಲ್ಲಿಯ ಮನೆಗಳಲ್ಲಿ ಉಯ್ಯಾಲೆ ಇರಲೇಬೇಕು. ಅದಕ್ಕೆಂದೇ ಚಾವಣಿಯಲ್ಲಿ ಕೊಕ್ಕೆ ಬಿಟ್ಟಿರುತ್ತಾರೆ. ವಿಶಾಲು ಬಂದ ಹೊಸದರಲ್ಲೇ ತೇಗದ ಹಲಗೆ, ಸರಪಳಿ ಎಲ್ಲ ಕೊಂಡುತಂದು ಹಾಕಿಸಿದ್ದಳು. ಸಂಜೆಯಾದರೆ ತಾಯಿ ಮಗಳು ಅದರ ಮೇಲೆ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತ ಜೀಕುವರು. ನಮ್ಮೂರು ಹಾಸನದ ಕಡೆಯ ದೆವ್ವದ ಕಥೆಗಳು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬ ಪುರಾಣಗಳು ಎಲ್ಲವೂ ಅಲ್ಲೇ ನಡೆಯುತ್ತಿದ್ದವು. ನನಗೆ ಆ ಕಿರಕಿರ ಸದ್ದು ಕೇಳಿದಾಗಲೆಲ್ಲ ಎದ್ದು ಎಣ್ಣೆ ಬಿಡಬೇಕು ಅನ್ನಿಸುತ್ತಿತ್ತು.

ಇನ್ನು ಹೊಸ ಟಿ.ವಿ. ತಂದ ಕಾರಣ. ನಮ್ಮ ಮೇಘನಾಳ ಕನ್ನಡ ದಿನೇದಿನೇ ಇಂಗಿಹೋಗುತ್ತಿತ್ತು. ಕುಡೀತೀನಿ ಅನ್ನುವ ಬದಲು ಗುಜರಾತಿ ಬೆರೆಸಿ, "ಅಪ್ಪಾ, ನಾನು ನೀರು ಪೀತೀನಿ" ಅನ್ನುವಳು. ಒಂದು ಭಾನುವಾರ ಫೋನಿನಲ್ಲಿ ಅವಳ ಮಾತು ಕೇಳಿಸಿಕೊಂಡ ನನ್ನಮ್ಮ, "ಇದ್ಯಾರೋ ಪಕ್ಕದ ಮನೆ ಮಗು ಕಣೋ, ನಮ್ಮ ಪುಟ್ಟೀಗೆ ಕೊಡು ಫೋನು" ಅಂದರು. ಅದೇ ವಾರ ಕೇಬಲ್‌ನವನು, "ಸಾಬ್, ಕನ್ನಡ ಚಾನೆಲ್ ಕೂಡ ಬರುತ್ತೆ, ನನ್ನ ಗ್ಯಾರಂಟಿ" ಎಂದ. ದಿನಾ ಕನ್ನಡ ಕಿವಿಗೆ ಬಿದ್ದರೆ ಮಗು ದಾರಿಗೆ ಬರುತ್ತದೆಂದು ನಾನು ನವರಂಗಪುರದ ಅಂಗಡಿಗೆ ಹೋಗಿ, ಆಗ ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದ ಚಪ್ಪಟೆ ಪರದೆಯ ಟಿ.ವಿ.ಯನ್ನು ತಂದೆ. ಚಪ್ಪಟೆ ಎಂಬುದು ಮುಖಕ್ಕೆ ಮಾತ್ರ. ಹಿಂದಿನ ಭಾಗ ಎಮ್ಮೆಯಷ್ಟಿತ್ತು. ಅಂಗಡಿಯ ಇಬ್ಬರು ಅದನ್ನು ಹೊತ್ತು ಮೂರನೇ ಮಹಡಿಗೆ ತರುವಷ್ಟರಲ್ಲಿ ನಮ್ಮನ್ನೂ ನಮ್ಮ ಕಟ್ಟಡವನ್ನೂ ಬೇಕಾದಷ್ಟು ಬೈದಿದ್ದರು.

ಅದರ ಜೊತೆ ಬಂದ ಕೈಪಿಡಿಯನ್ನು ನಾನು ಓದಿದಷ್ಟು ಶ್ರದ್ಧೆಯಿಂದ ಅದನ್ನು ಬರೆದವನೂ ಓದಿರಲಾರ. ಬಿಸಿಲು ಬೀಳಬಾರದು, ಅಂದರೆ ಕಿಟಕಿಯ ಎದುರು ಗೋಡೆ ಹೋಯಿತು. ಗೋಡೆಗೆ ಅಂಟಿಸದೆ ಹಿಂದೆ ಗಾಳಿಯಾಡಲು ಜಾಗ ಬಿಡಬೇಕು. ಎತ್ತರದ ಕಪಾಟು ಕೂಡದು. ಮುಂಭಾಗದ ಭಾರಕ್ಕೆ ಮುಗ್ಗರಿಸದಂತೆ ಗೋಡೆಗೆ ಬಿಗಿಯಬೇಕು. ಹೀಗೆ ಒಂದೊಂದೇ ಜಾಗ ಹೊಡೆದುಹಾಕುತ್ತ ಬಂದರೆ ಉಳಿದದ್ದು ಒಂದೇ ಗೋಡೆ, ಉಯ್ಯಾಲೆಯ ಎದುರಿನದು. ಮೇಘನಾಳನ್ನು ಕೂರಿಸಿ ಜೋರಾಗಿ ಜೀಕಿಸಿದೆ. ಅವಳ ಹೆಬ್ಬೆರಳು ನೆಟ್ಟಗೆ ಪರದೆಯ ಹಣೆಗೆ ಬರುತ್ತಿತ್ತು.

"ಸ್ವಲ್ಪ ಮೆಲ್ಲಗೆ ಜೀಕಿದ್ರಾಯ್ತು ಬಿಡ್ರೀ" ಅಂದಳು ವಿಶಾಲು.

"ಮಕ್ಕಳು ಮೆಲ್ಲಗೆ ಜೀಕ್ತಾರೇನೇ? ಆ ಗಾಜು ಸಿಡಿದ್ರೆ ಕಣ್ಣು ಹೋಗುತ್ತೆ!"

ಕಣ್ಣಿನ ವಿಷಯ ಎತ್ತಿದರೆ ಯಾವ ತಾಯಿ ವಾದಿಸುತ್ತಾಳೆ? ಉಯ್ಯಾಲೆ ಕೆಳಗಿಳಿಯಿತು. ನಾನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಿತ್ತು. ತೇಗದ ಹಲಗೆ ಒಳ್ಳೆಯ ಗಟ್ಟಿ ಮಾಲು, ವ್ಯರ್ಥವಾಗಬಾರದೆಂದು ಅದನ್ನೇ ಟಿ.ವಿ.ಯ ಕೆಳಗೆ ಹಾಸಿದೆ. ಸರಪಳಿಯ ಒಂದು ತುಂಡಿನಿಂದ ಟಿ.ವಿ.ಯ ಬೆನ್ನನ್ನು ಗೋಡೆಗೆ ಬಿಗಿದೆ. ಇನ್ನು ಊರೇ ಅಲುಗಿದರೂ ಅದು ಅಲುಗದು ಎಂದು ಕೈ ಕೊಡವಿಕೊಂಡೆ. ವಿಶಾಲು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮೇವು ಯಾವಾಗ ಹಾಕ್ಬೇಕು ಇದಕ್ಕೆ?" ಎಂದಳು. ಪಕ್ಕದ ಮನೆಯ ಕೋಕಿಲಾಬೆನ್ ಟಿ.ವಿ. ನೋಡಲೆಂದು ಬಂದವರು ಟಿ.ವಿ.ಯನ್ನು ನೋಡಲೇ ಇಲ್ಲ. ತಲೆಯೆತ್ತಿ ಬೋಳು ಕೊಕ್ಕೆಗಳನ್ನು ನೋಡಿ, "ಅರೆ ಭಾಯ್, ಹಿಂಚ್ಕೋ ಕಾಢೀ ನಾಖ್ಯೋ?" ಎಂದರು. ಹಿಂಚ್ಕೋ ಎಂದರೆ ಉಯ್ಯಾಲೆ. ತೆಗೆದೇಬಿಟ್ಟಿರಾ ಎಂದು ಅವರು ಕೇಳಿದ್ದು ಸಾವಿನ ಮನೆಯಲ್ಲಿ ವಿಚಾರಿಸುವ ದನಿಯಲ್ಲಿ.

ಕನ್ನಡ ಚಾನೆಲ್ ಬಂತು, ಸುಳ್ಳು ಹೇಳಬಾರದು. ಅದರಲ್ಲಿ ಯಾವಾಗ ಹಾಕಿದರೂ ಯಾರೋ ಒಬ್ಬಳು ಅಳುತ್ತಿದ್ದಳು. ಮೇಘನಾ ಅದರಿಂದ ಕಲಿತದ್ದು "ಅಯ್ಯೋ ವಿಧಿಯೇ!" ಎಂಬುದೊಂದನ್ನೇ. ಪೆನ್ಸಿಲ್ ಮೊನೆ ಮುರಿದರೂ ವಿಧಿಯೇ, ದೋಸೆ ಹರಿದರೂ ವಿಧಿಯೇ. ಪರವಾಗಿಲ್ಲ, ವಿಧಿಯಾದರೂ ಕನ್ನಡದ್ದೇ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಒಂದು ಸಂಜೆ ಆ ಚಾನೆಲ್ಲಿನ ಜಾಗದಲ್ಲಿ ಗುಜರಾತಿ ಭಜನೆ ಶುರುವಾಯಿತು. ಕೇಬಲ್‌ನವನಿಗೆ ಫೋನು ಮಾಡಿ ಕೂಗಾಡಿದೆ. "ಏನ್ ಮಾಡೋದು ಸಾಬ್, ಇಡೀ ಸೊಸೈಟಿಗೆ ಕನ್ನಡದವರು ನೀವೊಂದೇ ಮನೆ" ಎಂದ ಹಿಂದಿಯಲ್ಲಿ. ಗ್ಯಾರಂಟಿ ಏನಾಯಿತು ಎಂದರೆ ನಕ್ಕ. ಆ ನಗುವನ್ನು ನಾನಿನ್ನೂ ಕ್ಷಮಿಸಿಲ್ಲ.

ಈಗ ಸಂಜೆ ನಮ್ಮ ಹಾಲಿನಲ್ಲಿ ಇರುವವರು ಟಿ.ವಿ. ಮತ್ತು ನಾನು. ಕೈಪಿಡಿ ಹೇಳಿದಷ್ಟೇ ದೂರದಲ್ಲಿ ಕೂತು, ನನಗೆ ಬೇಡದ ಭಜನೆ ನೋಡುತ್ತೇನೆ. ಗೋಡೆಯಾಚೆ ಕೋಕಿಲಾಬೆನ್ ಮನೆಯ ಉಯ್ಯಾಲೆ ಕಿರಕಿರ ಅನ್ನುತ್ತಿರುತ್ತದೆ. ಅದರ ಮೇಲೆ ನನ್ನ ಮಗಳು ಗುಜರಾತಿಯಲ್ಲಿ ಗಲಗಲ ನಗುತ್ತಿರುತ್ತಾಳೆ. ಆ ನಗು ಕೇಳಿ ನನಗೆ ಉರಿಯುತ್ತದೆ, ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ಮೊನ್ನೆ ಪುಸ್ತಕ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ಅಪ್ಪಾ, ನಾನು ಹಿಂಚ್ಕೋ ಮೇಲೆ ಹೋಮ್‌ವರ್ಕ್ ಕರ್ತೀನಿ" ಅಂದಳು.

"ಹಿಂಚ್ಕೋ ಅಲ್ಲ ಪುಟ್ಟೀ. ನಮ್ಮ ಮಾತಲ್ಲಿ ಅದಕ್ಕೆ ಏನಂತಾರೆ, ಹೇಳು ನೋಡೋಣ."

ಅವಳು ತಲೆಯೆತ್ತಿ ಚಾವಣಿಯ ಕೊಕ್ಕೆಗಳನ್ನು ನೋಡಿದಳು.

"ನಮ್ಮನೇಲಿ ಇತ್ತಲ್ಲ, ಆಗ ಗೊತ್ತಿತ್ತು" ಎಂದು ಹೇಳಿ ಓಡಿದಳು.

ಅಡುಗೆಮನೆಯಲ್ಲಿ ವಿಶಾಲು ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು. ಏನಾದರೂ ಅಂದಿದ್ದರೆ ನನಗೂ ಜಗಳಕ್ಕೆ ಒಂದು ದಾರಿಯಿರುತ್ತಿತ್ತು. ಸುಮ್ಮನೆ ಕೂರಲಾಗದೆ ನಾನು ಎದ್ದು, ಟಿ.ವಿ.ಯ ಹಿಂದೆ ಕೈ ಹಾಕಿ ಸರಪಳಿಯನ್ನು ಜಗ್ಗಿ ನೋಡಿದೆ. ಚೂರೂ ಅಲುಗಲಿಲ್ಲ.