ಮೂವತ್ತೈದು ಕ್ಯಾಲೊರಿಯ ಕರಿ ಬಿಯರ್

ಶನಿವಾರ ಸಂಜೆ ಒಂದು ಕ್ಯಾನ್ ಬಿಯರ್ ಕುಡಿಯುವುದು ನನ್ನ ಜನ್ಮಸಿದ್ಧ ಹಕ್ಕು. ನನ್ನ ಹೊಟ್ಟೆಯ ಸುತ್ತಳತೆಯ ನೆಪ ಹೇಳಿ ಮನೆಯ ಸರ್ವಾಧಿಕಾರಿ (ಅಂದರೆ ನನ್ನವಳು) ಅದಕ್ಕೂ ಕತ್ತರಿ ಹಾಕಿದಳು. ಅಂಗಲಾಚಿದ ಮೇಲೆ ಒಂದು ಷರತ್ತು ಬಂತು. ಅವಳು ಕುಡಿಯುವ ಒಂದು ಲೋಟ ಕಿತ್ತಳೆ ರಸಕ್ಕಿಂತ ಕಡಿಮೆ ಕ್ಯಾಲೊರಿಯ ಬಿಯರ್ ಇದ್ದರೆ ಸರಿ, ಇಲ್ಲದಿದ್ದರೆ ಶನಿವಾರವೂ ಬರೀ ನೀರು.

ನಾನು ಕನ್ನಡಕದಂಗಡಿಯವನು. ಊರವರಿಗೆಲ್ಲ ಕನ್ನಡಕ ಹಾಕಿಸುವ ನಾನು ಮಾತ್ರ ಹಾಕುವುದಿಲ್ಲ. (ಹಾಕಿದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ.) ಮೂರು ಬಗೆಯ ಕ್ಯಾನ್ ತಂದು ಊಟದ ಮೇಜಿನ ಮೇಲೆ ನಿಲ್ಲಿಸಿದೆ. ಒಂದೊಂದನ್ನೇ ತೋಳುದ್ದ ದೂರ ಹಿಡಿದು, ದಪ್ಪ ಅಂಕಿಗಳನ್ನು ಘೋಷಿಸಿದೆ. ಸ್ಟ್ರಾಂಗ್ ಬಿಯರ್ ಅರವತ್ತು. ಹೊಂಬಣ್ಣದ್ದು ನಲವತ್ತಮೂರು. ಕಾಡಿಗೆಯಷ್ಟು ಕಪ್ಪಗಿರುವ ಮೂರನೆಯದು ಬರೀ ಮೂವತ್ತೈದು.

"ಕಪ್ಪಗಿರೋದೇ ಕಮ್ಮೀನಾ?" ಅಂದಳು.

"ಬಣ್ಣ ನೋಡಿ ಮೋಸ ಹೋಗಬೇಡ ಕಣೇ. ಕ್ಯಾಲೊರಿ ಜಾಸ್ತಿ ಆಗೋದು ಮದ್ಯದ ಅಂಶದಿಂದ. ಇದರಲ್ಲಿ ಅದೇ ಕಮ್ಮಿ."

ಅವಳ ರಸದ ಡಬ್ಬಿಯನ್ನು ತಿರುಗಿಸಿ ಹಿಡಿದೆ. ಲೋಟಕ್ಕೆ ತೊಂಬತ್ತು. ಅವಳ ಮುಖ ಸಪ್ಪಗಾಯಿತು. ಮದುವೆಯಾದಂದಿನಿಂದ ನಾನು ಗೆದ್ದ ಮೊದಲ ವಾದ ಇದು. ಕಾಲು ನೆಲದ ಮೇಲಿರಲಿಲ್ಲ. ರಸ ಬಿಟ್ಟು ನೀನೂ ಇದನ್ನೇ ಕುಡಿದು ತೆಳ್ಳಗಾಗು ಎಂದು ಬಿಟ್ಟಿ ಸಲಹೆಯನ್ನೂ ಕೊಟ್ಟೆ.

ಅಷ್ಟರಲ್ಲಿ ಅತ್ತೆಯವರು ಕೈ ಚಾಚಿದರು. ಮೈಯಲ್ಲಿ ಶಕ್ತಿಯಿಲ್ಲ, ಸ್ವಲ್ಪ ತೂಕ ಹೆಚ್ಚಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳ ಮನೆಗೆ ಬಂದು ಕೂತಿದ್ದವರು. ನಾನೇ ಮಾಡಿಕೊಟ್ಟ ಕನ್ನಡಕವನ್ನು ಮೂಗಿಗೇರಿಸಿ, ಕರಿ ಬಿಯರಿನ ಕ್ಯಾನನ್ನು ಸಾವಕಾಶವಾಗಿ ತಿರುಗಿಸಿದರು.

"ಕನ್ನಡಕ ಬಹಳ ಚೆನ್ನಾಗಿದೆ ಅಳಿಯಂದ್ರೇ. ಇರುವೆ ಕಾಲಿನಷ್ಟು ಅಕ್ಷರಾನೂ ಕಾಣುತ್ತೆ. ಈ ಮೂವತ್ತೈದು ಬರೀ ನೂರು ಎಂಎಲ್‌ಗಂತೆ. ಕ್ಯಾನಲ್ಲಿ ಐನೂರಿದೆ."

ನನ್ನವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ನೂರ ಎಪ್ಪತ್ತೈದು. ಮೂರೂ ಕ್ಯಾನ್ ಎತ್ತಿಕೊಂಡು ಚೆಲ್ಲಲು ಬಚ್ಚಲಿನತ್ತ ಹೊರಟಳು.

"ತಂದಿದ್ದನ್ನ ಯಾಕೆ ಚೆಲ್ತೀಯಮ್ಮ?" ಅಂದರು ಅತ್ತೆ. ದೇವರಂಥ ಹೆಂಗಸು ಎಂದು ನನ್ನ ಕಣ್ಣು ತುಂಬಿಬಂತು. "ತೂಕ ಬರಬೇಕಾಗಿರೋದು ನನಗಲ್ವಾ. ಆ ಅರವತ್ತರದ್ದು ಮೊದಲು ಕೊಡು."

ಲೋಟಕ್ಕೆ ನೊರೆಯುಕ್ಕುವಂತೆ ಬಗ್ಗಿಸಿಕೊಟ್ಟವನು ನಾನೇ. ಆಮೇಲೆ ಅವರ ಎದುರಿಗೆ ನೀರಿನ ಲೋಟ ಹಿಡಿದು ಕುಳಿತೆ. ಅದರಲ್ಲಿ ಕ್ಯಾಲೊರಿ ಸೊನ್ನೆ. ತಿಳಿಯಲು ಕನ್ನಡಕವೂ ಬೇಕಾಗಿಲ್ಲ.