ಗೋರಿಗಳ ನಡುವೆ ಡಬ್ಬಿ ಹುಡುಕುವ ನಾದಿನಿ

ಒಣಮೀನಿನ ತಲೆ ಮುರಿಯುತ್ತ ಕೂತಿದ್ದೆ. ಬೆರಳುದ್ದದ ಪುಟ್ಟ ಒಣಮೀನನ್ನು ಹುರಿದು ಅನ್ನದ ಜೊತೆ ತಿನ್ನುವ ಅಭ್ಯಾಸ ಮಲೇಷ್ಯಾದ ಮೆಲಾಕಾಕ್ಕೆ ಬಂದಮೇಲೆ ನಮಗೂ ಹತ್ತಿದೆ. ಒಂದೊಂದರ ತಲೆಯನ್ನೂ ಯಾರಾದರೂ ಮುರಿಯಬೇಕಲ್ಲ? ಅರ್ಧ ಮುಗಿದಿರುವಾಗ, ರಜೆಗೆಂದು ಪುತ್ರಜಯಾಕ್ಕೆ ಹೋಗಿದ್ದ ಮಗಳ ಫೋನ್ ಬಂತು.

"ಅಮ್ಮಾ, ಮುಂದಿನ ವರ್ಷದಿಂದ ನಾ ಫುಪ್ಪು ಮನ್ಯಾಗ ಇರ್ತೀನಿ. ಅಲ್ಲೇ ಸ್ಕೂಲಿಗೆ ಹೋಗ್ತೀನಿ. ಪ್ಲೀಸ್ ಲಾ."

ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಹನ್ನೊಂದು ವರ್ಷದ ಮಗಳು ಮನೆ ಬಿಟ್ಟು ಹೋಗುತ್ತಾಳಂತೆ ಅನ್ನುವುದು ಒಂದು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಇದನ್ನು, ಕೊನೆಯ ಆ ಮಲೇಷ್ಯಾದ 'ಲಾ' ಬಿಟ್ಟರೆ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದಳಲ್ಲ ಅನ್ನುವುದು ಇನ್ನೊಂದು. ನಾನು ದಾವಣಗೆರೆಯವಳು. ಹುಬ್ಬಳ್ಳಿ ಯಾರಿಂದ ಬಂತು ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಫುಪ್ಪು ಅಂದರೆ ಅವಳ ಸೋದರತ್ತೆ, ಹುಬ್ಬಳ್ಳಿಯಲ್ಲಿ ಬೆಳೆದ ನನ್ನ ನಾದಿನಿ. ಪುತ್ರಜಯಾದಲ್ಲಿ ಇಂಜಿನಿಯರ್. ಒಬ್ಬಳೇ ಇರುತ್ತಾಳೆ. ಬದುಕಿರುವವರಿಗಿಂತ ಸತ್ತವರ ವಿಳಾಸಗಳೇ ಅವಳಿಗೆ ಹೆಚ್ಚು ಗೊತ್ತು. ಜಿಯೋಕ್ಯಾಶಿಂಗ್ ಅಂತ ಆ ಹುಚ್ಚಿನ ಹೆಸರು. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದು ಭೂಮಿಯ ಮೇಲೆ ಎಲ್ಲಿದೆ ಎನ್ನುವ ಅಂಕಿಗಳನ್ನು ಫೋನಿನ ಆ್ಯಪ್‌ನಲ್ಲಿ ಹಾಕುತ್ತಾರೆ. ಇನ್ಯಾರೋ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಅದರಲ್ಲೂ ಹಳೆಯ ಸ್ಮಶಾನದ ಡಬ್ಬಿ ಎಂದರೆ ಇವಳಿಗೆ ಪ್ರಾಣ.

"ಅಷ್ಟು ಕಷ್ಟಪಟ್ಟರೆ ಏನು ಸಿಗುತ್ತೆ?" ಎಂದು ಒಮ್ಮೆ ಕೇಳಿದೆ.

"ಸಹಿ ಹಾಕಾಕ ಸಿಗತೈತ್ರಿ, ಭಾಭಿ."

ಬ್ಯಾಂಕಿನವರು ಹಾಕು ಎಂದರೂ ಸಹಿ ಹಾಕಲು ಸೋಮಾರಿತನ ಪಡುವ ನನಗೆ ಇದು ಹೇಗೆ ಅರ್ಥವಾಗಬೇಕು?

ಕಳೆದ ಈದ್‌ಗೆ ಕ್ವಾಲಾಲಂಪುರದ ಬಾಂಗ್ಸಾರಿನಲ್ಲಿರುವ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆವು. ಬಿರಿಯಾನಿಯ ಮುಚ್ಚಳ ತೆಗೆಯುವ ಹೊತ್ತಿಗೆ ಇವಳೂ ಇಲ್ಲ, ನನ್ನ ಮಗಳೂ ಇಲ್ಲ. ಮುಕ್ಕಾಲು ಗಂಟೆ ಬಿಟ್ಟು ಹೊಸ ಬಟ್ಟೆಯ ತುಂಬ ಕೆಸರು ಮಾಡಿಕೊಂಡು ಇಬ್ಬರೂ ಬಂದರು. ಪಕ್ಕದ ಬೀದಿಯ ಚರಂಡಿಯ ಸೇತುವೆ ಕೆಳಗೊಂದು ಡಬ್ಬಿ ಇತ್ತಂತೆ. ಮನೆಯೊಡತಿಯ ಬಿಳಿ ರತ್ನಗಂಬಳಿಯ ಮೇಲೆ ಕಾಲಿಡುವ ಮೊದಲೇ ನಾನು ನೋಡಿದೆನಲ್ಲ, ಅಲ್ಹಮ್ದುಲಿಲ್ಲಾಹ್. ಮಗಳ ಮುಖ ಮಾತ್ರ ಹೊಳೆಯುತ್ತಿತ್ತು. ನಾನು ಹದಿನೈದು ದಿನ ಕೂತು ಹೊಲಿದ ಬಟ್ಟೆ ಹಾಕಿಕೊಂಡಾಗಲೂ ಆ ಮುಖ ಅಷ್ಟು ಹೊಳೆದಿರಲಿಲ್ಲ.

ಕನ್ನಡದ ಗುಟ್ಟು ಆ ಫೋನ್ ಬಂದಮೇಲೆ ತಿಳಿಯಿತು. ಮುಂದಿನ ಸುಳಿವು ಬೇಕಾದರೆ ಕನ್ನಡದಲ್ಲೇ ಕೇಳಬೇಕು ಅನ್ನುವುದು ನಾದಿನಿಯ ಕಾನೂನು. ಹನ್ನೊಂದು ವರ್ಷ ಗದರಿ, ಗೋಗರೆದು ನಾನು ಮಾಡಲಾಗದ್ದನ್ನು ಇವಳು ಹತ್ತು ಡಬ್ಬಿಗಳಲ್ಲಿ ಮಾಡಿದ್ದಳು. ನಮಾಜಿನಲ್ಲಿ ಕೂತರೂ ಹೊಟ್ಟೆಕಿಚ್ಚು ಆರುತ್ತಿರಲಿಲ್ಲ. ದುಆಗೆ ಎತ್ತಿದ ಕೈಯಲ್ಲಿ ನಾದಿನಿಯ ಫೋನು ಕೆಡಲಿ ಎಂದು ಕೇಳಿಕೊಳ್ಳುವುದರಲ್ಲಿದ್ದೆ. ಅಲ್ಲಾಹ್ ಕ್ಷಮಿಸಲಿ.

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ನನ್ನವರನ್ನು ಕೇಳಿದರೆ, "ಹೋಗಲಿ ಬಿಡು, ಒಂದೂವರೆ ತಾಸಿನ ದಾರಿ" ಎಂದರು. ಅವರಿಗೇನು, ತಂಗಿಯ ಮನೆ. ಶನಿವಾರ ಪುತ್ರಜಯಾದಿಂದ ಬಂದು ಮೆಲಾಕಾದ ಗುಡ್ಡದ ಮೇಲಿನ ಡಚ್ಚರ ಸ್ಮಶಾನಕ್ಕೆ ಹೊರಟಿದ್ದ ಸೋದರತ್ತೆ-ಸೊಸೆಯರ ಕಾರಿನಲ್ಲಿ ನಾನೂ ಹತ್ತಿ ಕೂತೆ. ಕೇಳುವುದನ್ನು ಮುಖಕ್ಕೆ ಮುಖ ಕೊಟ್ಟೇ ಕೇಳಬೇಕೆಂದಿದ್ದೆ.

ಹೆಸರಿಗೆ ಡಚ್ಚರದು, ಒಳಗೆ ಮಲಗಿರುವವರಲ್ಲಿ ಇಂಗ್ಲಿಷರೇ ಹೆಚ್ಚು. ಇಬ್ಬರೂ ಕ್ರೈಸ್ತರೇ ಅನ್ನುವುದು ಆಗ ತಲೆಗೆ ಬರಲಿಲ್ಲ. ಗೋರಿ ಕಂಡದ್ದೇ ಅಭ್ಯಾಸಬಲದಿಂದ, ನಮ್ಮ ಖಬರಸ್ತಾನದಲ್ಲಿ ಹೇಳುವ ಹಾಗೆ, ಮಲಗಿದವರಿಗೆಲ್ಲ ಗಟ್ಟಿಯಾಗಿ ಸಲಾಂ ಹೇಳಿಬಿಟ್ಟೆ. ಹೇಳಿದ ಮೇಲೆ ಕಲ್ಲಿನ ಮೇಲಿನ ಶಿಲುಬೆ ಕಂಡಿತು.

"ಇರ್ಲಿ ಬಿಡ್ರಿ ಭಾಭಿ," ಎಂದಳು ನಾದಿನಿ. "ಇನ್ನೂರು ವರ್ಷದಿಂದ ಯಾರೂ ಮಾತಾಡಿಸಿಲ್ಲ. ಖುಷಿ ಆಗಿರ್ತಾರ."

ಗೋರಿಗಳನ್ನು ಮುಟ್ಟಬಾರದು, ಡಬ್ಬಿ ಆಚೀಚೆಯೇ ಇರುತ್ತದೆ ಅನ್ನುವುದು ಆಟದ ನಿಯಮ. ಉಪಗ್ರಹ ತೋರಿಸಿದ ಕಡೆಗೆಲ್ಲ ಅರ್ಧ ಗಂಟೆ ನಾದಿನಿ ಫೋನು ಹಿಡಿದು ಸುತ್ತಿದಳು. ನಾನು ನೆರಳಿಗೆಂದು ಸ್ಮಶಾನದ ಸುತ್ತುಗೋಡೆಗೆ ಒರಗಿದೆ. ಒಂದು ಇಟ್ಟಿಗೆ ಮಾತ್ರ ಉಳಿದವಕ್ಕಿಂತ ಚೊಕ್ಕಟವಾಗಿತ್ತು. ಮನೆಯವರೆಲ್ಲರಿಂದ ಚಾಕೊಲೇಟು ಬಚ್ಚಿಡುವ ಹೆಂಗಸಿಗೆ ಉಪಗ್ರಹ ಬೇಕೇ? ಇಟ್ಟಿಗೆ ಎಳೆದೆ. ಹಿಂದೆ ಡಬ್ಬಿ.

"ಅಮ್ಮಾ! ಹೌ ಡಿಡ್ ಯು ನೋ?" ಎಂದು ಮಗಳು ಓಡಿಬಂದಳು. ಅವಳ ಆ ಹೊಳೆಯುವ ಮುಖ ಮೊದಲ ಸಲ ನನ್ನ ಕಡೆ ತಿರುಗಿತ್ತು. ಅದೇ ಧೈರ್ಯದಲ್ಲಿ, ಅವಳು ಚೀಟಿ ಬಿಡಿಸಿಕೊಂಡು ಆಚೆ ಕೂತಾಗ, ನಾದಿನಿಯನ್ನು ಕೇಳಿಯೇಬಿಟ್ಟೆ.

"ನಿನಗೆ ಡಬ್ಬಿಗಳು ಸಾಲ್ದು ಅಂತ ನನ್ನ ಮಗಳನ್ನೂ ತಗೊಂಡು ಹೋಗ್ತೀಯಾ?"

ಅವಳು ತಮಾಷೆ ಮಾಡಲಿಲ್ಲ. ಫೋನಿನ ಪರದೆಯನ್ನು ಸುಮ್ಮನೆ ದುಪಟ್ಟಾದಿಂದ ಒರೆಸಿದಳು.

"ನಾ ಕರೀಲಿಲ್ರಿ, ಭಾಭಿ. ಆಕಿನೇ ಕೇಳಿದ್ಲು, ನಿನ್ ಜೋಡಿ ಇರ್ಲೇನು ಅಂತ. ಬ್ಯಾಡ ಅನ್ಬೇಕಿತ್ತು, ನಂಗೊತ್ತು. ಬಾಯಿ ಬರ್ಲಿಲ್ಲ. ನನ್ನ ಯಾರೂ ಹಂಗ ಕೇಳಿದ್ದೇ ಇಲ್ಲ ನೋಡ್ರಿ."

ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ನಾನು ಅವಳಿಗೆ ಊಟ ಬಡಿಸಿದ್ದೇನೆ, ಕಟ್ಟಿ ಕಳಿಸಿದ್ದೇನೆ. ಉಳಿದುಕೋ ಎಂದು ಮಾತ್ರ ಒಮ್ಮೆಯೂ ಅಂದಿರಲಿಲ್ಲ.

"ಮಗಳು ನನ್ನ ಹತ್ರಾನೇ ಇರ್ತಾಳೆ," ಎಂದೆ. "ನೀನು ಶುಕ್ರವಾರ ಆಫೀಸು ಬಿಟ್ಟವಳು ನೇರ ನಮ್ಮನೆಗೆ ಬಾ. ಭಾನುವಾರದವರೆಗೂ ನಮ್ಮ ಜೊತೆ ಇರ್ತೀಯಾ?"

"ಯಾವ ಶುಕ್ರವಾರದಿಂದ್ರಿ?"

"ಈ ಬರೋ ಶುಕ್ರವಾರದಿಂದಾನೇ."

ಅವಳು ತಲೆಯಾಡಿಸಿ, ಮಗಳ ಪಕ್ಕ ಹೋಗಿ ಕೂತಳು. ಇಬ್ಬರೂ ಒಂದೇ ಪೆನ್ನಿಗೆ ಜಗಳವಾಡುವುದನ್ನು ಕಂಡು ಹೊಟ್ಟೆಯಲ್ಲಿ ಮತ್ತೆ ಸ್ವಲ್ಪ ಉರಿಯಿತು. ಸ್ವಲ್ಪವೇ. ಅಷ್ಟಕ್ಕಾದರೂ ಇಳಿಯಿತಲ್ಲ ಎಂದು ಅಲ್ಲಾಹನಿಗೆ ಶುಕ್ರ್ ಹೇಳಿದೆ.

ಮನೆಗೆ ಬಂದವಳು ಸಣ್ಣ ಕೋಣೆಯ ಮಂಚದ ಮೇಲೆ ರಾಶಿ ಬಿದ್ದಿದ್ದ ಇಸ್ತ್ರಿ ಬಟ್ಟೆಗಳನ್ನೆಲ್ಲ ಎತ್ತಿಟ್ಟು, ಒಗೆದ ಹಾಸಿಗೆ ಹೊದಿಕೆ ತೆಗೆದು ಹಾಸತೊಡಗಿದೆ.